ಹಳೆಯ ಬೆಸುಗೆಯ ಋಣ

ಕೆಟ್ಟ ವಸ್ತುವನ್ನು ರಿಪೇರಿ ಮಾಡುವುದು ಒಳ್ಳೆಯ ಕೆಲಸ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ರಿಪೇರಿಯ ಹೆಸರಿನಲ್ಲಿ ಆ ವಸ್ತುವಿನ ಕಥೆಯನ್ನೇ ಅಳಿಸಿಹಾಕಿದರೆ? ಹಳೆಯ ದೇವಾಲಯಗಳ ಕಲ್ಲಿಗೆ ಬಣ್ಣ ಬಳಿದಾಗ ನಾವು ಈ ಪ್ರಶ್ನೆ ಕೇಳುತ್ತೇವೆ. ಇದೇ ಪ್ರಶ್ನೆ ಅಷ್ಟೇ ಗಂಭೀರವಾಗಿ ಏಳುವ ಇನ್ನೊಂದು ಪುಟ್ಟ ಲೋಕವಿದೆ. ಮಾದರಿ ವಿಮಾನಗಳನ್ನು ನೆಲದ ಮೇಲೆ ನಿಂತು ನಡೆಸಲು ಅಮೆರಿಕ, ಬ್ರಿಟನ್‌ಗಳಲ್ಲಿ ಅರ್ಧ ಶತಮಾನಕ್ಕೂ ಹಿಂದೆ ಬಳಸುತ್ತಿದ್ದ ರೇಡಿಯೊ ಪೆಟ್ಟಿಗೆಗಳನ್ನು ಹುಡುಕಿ, ಗುರುತಿಸಿ, ಮತ್ತೆ ಜೀವ ತುಂಬುವವರ ಲೋಕ ಅದು.

ಈ ಹವ್ಯಾಸಕ್ಕೆ ದೊಡ್ಡ ಚರಿತ್ರೆಯೇ ಇದೆ. 1937ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೊ ಸಂಕೇತದಿಂದ ಹಾರಿಸಿದರು. ಆ ಬಗೆಯ ಮೊದಲ ಯಶಸ್ವಿ ವಿಮಾನಗಳಲ್ಲಿ ಒಂದಾದ ಅದು ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ನಂತರದ ವರ್ಷಗಳಲ್ಲಿ ಬಳಕೆಗೆ ಬಂದ ಸರಳ ಪೆಟ್ಟಿಗೆಗಳಲ್ಲಿ ಇದ್ದದ್ದು ಒಂದೇ ಗುಂಡಿ. ವಿಮಾನದ ಹೊಟ್ಟೆಯೊಳಗೆ ತಿರುಚಿಟ್ಟ ರಬ್ಬರ್ ಎಳೆಯೇ ಬಾಲದ ರಡ್ಡರ್ ತಿರುಗಿಸುವ ಶಕ್ತಿ. ಗುಂಡಿ ಒತ್ತಿದರೆ ರಡ್ಡರ್ ಒಂದು ಬದಿಗೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಇನ್ನೊಂದು ಬದಿಗೆ. ಹಿಂದಿನ ಸಲ ತಿರುಗಿದ್ದು ಎಡಕ್ಕೋ ಬಲಕ್ಕೋ ಎಂಬುದನ್ನು ಹಾರಿಸುವವನೇ ನೆನಪಿಟ್ಟುಕೊಳ್ಳಬೇಕು. ಆಮೇಲೆ ರೀಡ್ ಪೆಟ್ಟಿಗೆಗಳು ಬಂದವು. ಹಾರ್ಮೋನಿಯಂನಲ್ಲಿರುವಂತೆ ಬೇರೆ ಬೇರೆ ಉದ್ದದ ಲೋಹದ ನಾಲಿಗೆಗಳು. ಒಂದೊಂದು ಸ್ವರಕ್ಕೆ ಒಂದೊಂದು ಕಂಪಿಸಿ ತನ್ನ ಪಾಲಿನ ಮೋಟಾರನ್ನು ಓಡಿಸುತ್ತಿತ್ತು. 1960ರ ದಶಕದಲ್ಲಿ, ಕೋಲನ್ನು ಎಷ್ಟು ವಾಲಿಸಿದರೆ ರಡ್ಡರ್ ಅಷ್ಟೇ ವಾಲುವ ವ್ಯವಸ್ಥೆ ನೆಲೆಯೂರಿತು. ಅಂಥ ಪೆಟ್ಟಿಗೆಗಳಿಗೆ ಹೆಸರಾದ ಫಿಲ್ ಕ್ರಾಫ್ಟ್ 1967ರ ವಿಶ್ವ ಚಾಂಪಿಯನ್ ಕೂಡ.

ಇಂಥ ಪೆಟ್ಟಿಗೆಯೊಂದು ಇವತ್ತು ಯಾರದೋ ಅಟ್ಟದಿಂದ ಇಳಿದು ಬರುತ್ತದೆ. ಹೆಸರಿನ ಪಟ್ಟಿ ಉದುರಿಹೋಗಿರುತ್ತದೆ. ಇದು ಯಾರದು, ಯಾವ ಕಾಲದ್ದು? ತಿಳಿದವರು ಮೊದಲು ಒಳಗಿನ ಕ್ರಿಸ್ಟಲ್ ನೋಡುತ್ತಾರೆ. ಅದರ ಮೇಲೆ 27.045 ಎಂದೋ 27.145 ಎಂದೋ ತರಂಗಾಂತರದ ಸಂಖ್ಯೆ ಇರುತ್ತದೆ. ಒಂದೇ ಮೈದಾನದಲ್ಲಿ ಇಬ್ಬರು ಒಂದೇ ತರಂಗಾಂತರ ಬಳಸಿ ಒಬ್ಬರ ವಿಮಾನವನ್ನು ಇನ್ನೊಬ್ಬರು ಕೆಡವದಿರಲಿ ಎಂದು ಏರಿಯಲ್‌ಗೆ ಬಣ್ಣದ ಪಟ್ಟಿ ಕಟ್ಟುವ ರೂಢಿಯಿತ್ತು. ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಳದಿ. ನಂತರ ಬಿಡಿಭಾಗಗಳ ಮೇಲಿನ ಅಂಕಿಗಳನ್ನು ಓದುತ್ತಾರೆ. ವಾಲ್ಯೂಮ್ ಗುಂಡಿಯಂಥ ಒಂದು ಅಮೆರಿಕನ್ ಭಾಗದ ಮೇಲೆ 1376423 ಎಂದಿದ್ದರೆ, 137 ಎಂಬುದು ಸಿಟಿಎಸ್ ಕಂಪನಿಯ ಗುರುತು. ಉಳಿದದ್ದು 1964ನೇ ಇಸವಿಯ 23ನೇ ವಾರ. ಆ ವಾರಕ್ಕಿಂತ ಮೊದಲು ಈ ಪೆಟ್ಟಿಗೆ ಈ ರೂಪದಲ್ಲಿ ಇದ್ದಿರಲಾರದು.

ಆದರೆ ಆ ಭಾಗವನ್ನು ನಡುವೆ ಯಾರೋ ಬದಲಿಸಿದ್ದರೆ? ಆಗ ಆ ಅಂಕಿ ಹೇಳುವುದು ಪೆಟ್ಟಿಗೆಯ ವಯಸ್ಸನ್ನಲ್ಲ, ರಿಪೇರಿಯ ವಯಸ್ಸನ್ನು. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲೇ. ರಿಪೇರಿ ಮಾಡುವ ಪ್ರತಿಯೊಬ್ಬನೂ ಒಂದು ಸಾಕ್ಷಿಯನ್ನು ತೆಗೆದು ಇನ್ನೊಂದನ್ನು ಇಡುತ್ತಾನೆ. ಇಟ್ಟದ್ದನ್ನು ಹೇಳದೆ ಹೋದರೆ ಮುಂದೆ ಬರುವವನ ಕೈಗೆ ಸುಳ್ಳು ಸಾಕ್ಷಿ ಸಿಗುತ್ತದೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ.

ಹಾಗಾದರೆ ಏನನ್ನೂ ಮುಟ್ಟದೆ ಇಡುವುದೇ ಸರಿಯೇ? ಅದೂ ಅಲ್ಲ. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಕಾಲಾಂತರದಲ್ಲಿ ಕ್ಷಾರ ಸೋರುತ್ತವೆ. ಋಣ ತುದಿಯ ತಂತಿ ಹೊರಗಿನ ಹೊದಿಕೆ ಚೆನ್ನಾಗಿ ಕಂಡರೂ ಒಳಗೆ ಕಪ್ಪಾಗಿ, ಪುಡಿಯಾಗಿ ಹೋಗಿರುತ್ತದೆ. ‘ಮೂಲದ್ದು’ ಎಂಬ ಮೋಹಕ್ಕೆ ಆ ತಂತಿಯನ್ನು ಉಳಿಸಿಕೊಂಡು ವಿಮಾನ ಹಾರಿಸಿದರೆ, ಸಂಕೇತ ಕಡಿದು ಅದು ಬೀಳುವುದು ಕೆಳಗಿರುವ ಯಾರದೋ ತಲೆಯ ಮೇಲೆ. ವಸ್ತುವಿಗೆ ನಾವು ತೋರುವ ನಿಷ್ಠೆಯ ಬೆಲೆಯನ್ನು ಮೈದಾನದ ಅಂಚಿನಲ್ಲಿ ನಿಂತ ಮಗು ಏಕೆ ತೆರಬೇಕು? ಈ ಕಾರಣಕ್ಕೇ ಕೆಲವರು ಹಳೆಯ ಪೆಟ್ಟಿಗೆಯ ಒಳಗೆ ಇಂದಿನ 2.4 ಗಿಗಾಹರ್ಟ್ಸ್ ಉಪಕರಣ ಕೂರಿಸಿ ಹಾರಿಸುತ್ತಾರೆ. ಹೊರಗೆ 1960ರ ದಶಕ, ಒಳಗೆ ಇವತ್ತು. ಇದು ಮೋಸ ಎಂದು ಸಿಡುಕುವವರಿದ್ದಾರೆ.

ಇಲ್ಲಿ ‘ಮಿಲಿಂದ ಪನ್ಹ’ದ ರಥ ನೆನಪಿಗೆ ಬರುತ್ತದೆ. ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಸೇರಿದಾಗ ನಾವು ಬಳಸುವ ಒಂದು ಹೆಸರು, ಅಷ್ಟೇ. ಈ ಮಾತನ್ನು ಒಪ್ಪಿದರೆ ‘ಇದು ನಿಜವಾದ ಕ್ರಾಫ್ಟ್ ಪೆಟ್ಟಿಗೆಯೇ?’ ಎಂಬ ಪ್ರಶ್ನೆಯ ಬಿಸಿ ಆರುತ್ತದೆ. ಪೆಟ್ಟಿಗೆಯೊಳಗೆ ಅಡಗಿ ಕೂತ ‘ಕ್ರಾಫ್ಟ್‌ತನ’ ಯಾವುದೂ ಇಲ್ಲ. ಆದರೆ ಇನ್ನೊಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಹೆಸರು ಮನುಷ್ಯರ ನಡುವಿನ ಒಪ್ಪಂದವಾದರೆ, ಅದನ್ನು ನಂಬಿದವರಿಗೆ ನಾನು ಏನು ಹೇಳಿ ಕೊಡುತ್ತಿದ್ದೇನೆ? ಒಳಗಿನದು ಹೊಸದು ಎಂದು ಹೇಳಿ ಹಾರಿಸುವವನು ಯಾರಿಗೂ ಮೋಸ ಮಾಡುತ್ತಿಲ್ಲ. ಅದೇ ಪೆಟ್ಟಿಗೆಯನ್ನು ಹೇಳದೆ ಮಾರುವವನು ಮಾಡುತ್ತಿದ್ದಾನೆ. ವಸ್ತು ಒಂದೇ, ವ್ಯತ್ಯಾಸ ಇರುವುದು ಮಾತಿನಲ್ಲಿ.

‘ನನ್ನ ಪೆಟ್ಟಿಗೆ, ನಾನು ಮಾರುವುದೂ ಇಲ್ಲ, ಯಾರಿಗೇಕೆ ಹೇಳಬೇಕು?’ ಎಂದು ಯಾರಾದರೂ ಕೇಳಬಹುದು. ಆದರೆ ವಸ್ತುಗಳು ಯಜಮಾನರಿಗಿಂತ ಹೆಚ್ಚು ದಿನ ಬಾಳುತ್ತವೆ. ಅಟ್ಟದಿಂದ ಇಳಿದು ಬಂದದ್ದು ಒಂದು ದಿನ ಮತ್ತೆ ಇನ್ನೊಂದು ಅಟ್ಟದಿಂದ ಇಳಿಯುತ್ತದೆ. ಆಗ ಉತ್ತರ ಹೇಳಲು ನಾವಿರುವುದಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಸಂದರ್ಭವಿದೆ. ಅಮೆರಿಕದ ಹೀತ್‌ಕಿಟ್ ಕಂಪನಿ ಇಂಥ ರೇಡಿಯೊಗಳನ್ನು ಬಿಡಿಭಾಗಗಳ ಕಟ್ಟಾಗಿ ಮಾರುತ್ತಿತ್ತು. ಕೊಂಡವರು ಪುಸ್ತಿಕೆ ನೋಡಿಕೊಂಡು ಮನೆಯಲ್ಲೇ ಬೆಸುಗೆ ಹಾಕಬೇಕು. ಅಂಥ ಪೆಟ್ಟಿಗೆಯನ್ನು ತೆರೆದರೆ ಒಳಗೆ ಉಂಡೆಗಟ್ಟಿದ, ಒರಟು ಬೆಸುಗೆ ಸಿಗಬಹುದು. ನುರಿತ ಕೈಗೆ ಅದನ್ನೆಲ್ಲ ಕಿತ್ತು ನೀಟಾಗಿ ಮಾಡುವ ತವಕ ಸಹಜ. ಆದರೆ ಈ ಪೆಟ್ಟಿಗೆಗೆ ಕಾರ್ಖಾನೆಯ ಮೂಲರೂಪ ಎಂಬುದೇ ಇಲ್ಲ. ಆ ಒರಟು ಬೆಸುಗೆಯೇ ಅದರ ಮೂಲ. ಎಂದೋ ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಯಾರೋ ಮೊದಲ ಸಲ ಬೆಸುಗೆ ಕಡ್ಡಿ ಹಿಡಿದದ್ದಕ್ಕೆ ಉಳಿದಿರುವ ಗುರುತು ಅದೊಂದೇ ಇರಬಹುದು. ಸಂಪರ್ಕ ಸಡಿಲವಾಗಿದ್ದರೆ ಸರಿಪಡಿಸಲೇಬೇಕು. ಬರೀ ಕುರೂಪವಾಗಿದ್ದರೆ?

ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನದು ಎರಡು ಮಾತು ಹೇಳುತ್ತದೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದಕ್ಕೆ ಹೊಂದಿಕೊಂಡರೂ ಬೇರೆಯೆಂದು ಗುರುತು ಸಿಗುವಂತಿರಬೇಕು. ಇದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಮಹಾ ಕಟ್ಟಡಗಳು. ಆದರೆ ಅಂಗೈ ಅಗಲದ ಸರ್ಕಿಟ್ ಬೋರ್ಡಿಗೂ ಇದು ಸಲ್ಲುತ್ತದೆ. ಹೊಸ ಉಪಕರಣ ಕೂರಿಸಲು ಹಳೆಯ ತಗಡಿಗೆ ಹೊಸ ತೂತು ಕೊರೆಯದಿರುವುದು, ತೆಗೆದ ಬೋರ್ಡನ್ನು ಎಸೆಯದೆ ಪೊಟ್ಟಣ ಕಟ್ಟಿ ಜೊತೆಗಿಡುವುದು, ಬೇಕೆಂದವರು ನಾಳೆ ಹಿಂದಿರುಗಿಸಬಲ್ಲಂತೆ ಕೆಲಸ ಮಾಡುವುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಸ್ವಲ್ಪ ಸಂಯಮ ಸಾಕು.

ಮುಚ್ಚಳ ಹಾಕುವ ಮುನ್ನ ಒಂದು ಚೀಟಿಯನ್ನೂ ಒಳಗಿಡಬಹುದು. ಯಾವ ಭಾಗ ತೆಗೆದದ್ದು, ಯಾವುದು ಹಾಕಿದ್ದು, ಯಾವ ತಿಂಗಳು, ಯಾವ ವರ್ಷ. ಬೆಸುಗೆ ಹಾಕಿದವರ ಹೆಸರು ಬೇಕಿಲ್ಲ. ಅದನ್ನು ಓದುವವರು ಇನ್ನೂ ಹುಟ್ಟಿರಲಿಕ್ಕಿಲ್ಲ. ಅವರಿಗೆ ಬೇಕಾದದ್ದು ನಮ್ಮ ಕೈಚಳಕದ ಹೊಗಳಿಕೆಯಲ್ಲ, ಪೆಟ್ಟಿಗೆಗೆ ಆದದ್ದೇನು ಎಂಬ ನೇರವಾದ ಮಾತು.