ಕಾವಲೂ ನಂಬಿಕೆಯೂ

ಮಕ್ಕಳನ್ನು ಅಪಾಯದಿಂದ ಕಾಪಾಡುವುದು ತಾಯಿತಂದೆಗಳ ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಪಾಡುವ ಹೆಸರಿನಲ್ಲಿ, ಮಗುವಿಗೆ ತಿಳಿಯದಂತೆ ಅದರ ಮೊಬೈಲನ್ನು ತೆರೆದು, ಗೆಳೆಯರಿಗೆ ಬರೆದ ಮಾತನ್ನೆಲ್ಲ ಓದುವುದು ಧರ್ಮವೆ? ಈ ಪ್ರಶ್ನೆಯು ವಿಚಾರಾರ್ಹವಾದುದು.

ಅಪಾಯವೇನೋ ನಿಜವಾದುದೇ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿಯನ್ನು ವೀರಣ್ಣನವರು ಸೇರಿದುದು ಬಾಲ್ಯದಲ್ಲಿಯೇ. ಅಲ್ಲಿ ಬಾಲನಟನ ಮುಂದೆ ಸಭೆಯಿತ್ತು, ಸಭೆಗೆ ಮುಖವಿತ್ತು, ಆಟ ಮುಗಿದೊಡನೆ ತೆರೆ ಬೀಳುತ್ತಿತ್ತು. ಅಂತರ್ಜಾಲವೆಂಬ ರಂಗದಲ್ಲಾದರೋ ನೋಡುವವನ ಮುಖ ಕಾಣದು. ತೆರೆ ಬೀಳುವ ಹೊತ್ತೂ ಇಲ್ಲ. ಸಮವಯಸ್ಕನೆಂದು ನಂಬಿಸಿ, ಸ್ನೇಹ ಬೆಳಸಿ, ಮಗುವಿನಿಂದ ಒಂದು ಚಿತ್ರವನ್ನು ತರಿಸಿಕೊಂಡು, ಮನೆಯವರಿಗೆ ತೋರಿಸುವೆನೆಂದು ಬೆದರಿಸುವವರು ಅಲ್ಲಿ ಉಂಟು.

ಈ ಬೆದರಿಕೆಯ ಬಲವಿರುವುದೆಲ್ಲಿ? ಮನೆಯವರಿಗೆ ತಿಳಿದೀತೆಂಬ ಮಗುವಿನ ಭಯದಲ್ಲಿ. ಮನೆಯಲ್ಲಿ ಹೇಳಬಲ್ಲೆನೆಂಬ ಧೈರ್ಯವಿದ್ದರೆ ಆ ಬಲವು ಬಹುಮಟ್ಟಿಗೆ ಮುರಿಯುವುದು. ಗುಟ್ಟಾಗಿ ಓದುವ ತಂದೆಯು ಈ ಧೈರ್ಯವನ್ನೇ ಕೆಡಿಸುತ್ತಾನೆ. ಅವನ ಗುಟ್ಟು ಬಯಲಾದಂದು ಮಗುವು ಇನ್ನೂ ಆಳವಾದ ಗುಟ್ಟನ್ನು ಕಲಿಯುತ್ತದೆ.

ಕರ್ನಾಟಕದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ದತ್ತಾಂಶ ಸಂರಕ್ಷಣೆಯ ಕಾಯಿದೆಯಾದರೋ 18 ವರ್ಷದೊಳಗಿನವರ ವಿವರಗಳನ್ನು ಬಳಸಲು ತಾಯಿತಂದೆಗಳ ಒಪ್ಪಿಗೆಯನ್ನು ವಿಧಿಸಿತು. ಒಂದು ವ್ಯಕ್ತಿಯ ಮಾನವನ್ನು ಹೇಳಿತು, ಇನ್ನೊಂದು ಹಿರಿಯರ ಹೊಣೆಯನ್ನು. ಎರಡನ್ನೂ ಹೊಂದಿಸುವ ಕೆಲಸ ಮನೆಗೇ ಸೇರಿದ್ದು.

ಹಾಗಾದರೆ ಎಳೆಯ ಕೂಸನ್ನು ಅದರ ಪಾಡಿಗೆ ಬಿಡುವುದೆ? ಅಲ್ಲ. ಕುಣಿಗಲ್ ಕೆರೆಯಂತಹ ದೊಡ್ಡ ಕೆರೆಯ ಮಗ್ಗುಲಲ್ಲಿ ಬಾಳುವವರು ಮಗುವಿಗೆ ನೀರನ್ನೇ ತೋರಿಸದಿರಲಾರರು. ಈಜು ಬಾರದೆ ನೀರಿಗಿಳಿಸಲೂ ಆರರು. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಈಜು ಕಲಿಸುತ್ತಿದ್ದರು. ಬುರುಡೆ ಕಟ್ಟಿರುವುದು ಕಲಿಯುವವನಿಗೂ ಗೊತ್ತು. ಕೈಕಾಲು ಪಳಗಿದ ಮೇಲೆ ಅದನ್ನು ಬಿಚ್ಚುತ್ತಿದ್ದರು. ಹಿರಿಯರ ಕಾವಲಿಗೂ ಈ ಎರಡು ಲಕ್ಷಣಗಳಿರಬೇಕು: ಅದು ಮಗುವಿಗೆ ತಿಳಿದಿರಬೇಕು, ವಯಸ್ಸಿನೊಡನೆ ಸಡಿಲವಾಗಬೇಕು. ಚಿಕ್ಕಂದಿನಲ್ಲಿ ಮೊಬೈಲು ನಡುಮನೆಯಲ್ಲಿ, ಹಿರಿಯರ ಪಕ್ಕದಲ್ಲಿರಲಿ.

ಮಗುವು ಊಟನಿದ್ರೆಗಳನ್ನು ಬಿಟ್ಟು, ಪ್ರಾಣಕ್ಕೇ ಭಯವೆಂದು ತೋರಿದಾಗ ನೋಡಲೇಬೇಕಾದೀತು. ಆಗಲೂ ನೋಡಿದೆನೆಂದು ಅದಕ್ಕೆ ತಿಳಿಸುವುದೇ ನ್ಯಾಯ. ಮಕ್ಕಳ ಸಹಾಯವಾಣಿಯಾದ 1098 ಉಂಟು. ಆದರೆ ಮಗುವು ಬಾಯಿಬಿಟ್ಟರಲ್ಲವೆ ಅದರ ನೆರವು? ತಪ್ಪೊಪ್ಪಿಕೊಂಡು ಬಂದ ಮಗುವಿಗೆ ನಮ್ಮ ಮೊದಲ ಮಾತು “ಹೇಳಿದ್ದು ಒಳ್ಳೆಯದಾಯಿತು” ಎಂದಿರಲಿ. ಬುದ್ಧಿವಾದಕ್ಕೆ ನಾಳೆಯೂ ಹೊತ್ತಿದೆ.