ಕದಲದೇ ಬರುವ ದೀಪ

ಶಿಗ್ಗಾಂವಿಯಿಂದ ಸವಣೂರಿಗೆ ಟಂಟಂನಲ್ಲಿ ಡ್ರೈವರನ ಪಕ್ಕ ಕೂತು ಹೊರಟಿದ್ದೆ. ಸೋಯಾ ಕಟಾವು ಮುಗಿದು ಎಡಗಡೆಯ ಹೊಲಗಳೆಲ್ಲ ಬಯಲಾಗಿದ್ದವು. ದೂರದ ಅಡ್ಡದಾರಿಯಲ್ಲಿ ಗೋವಿನಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಬರುತ್ತಿತ್ತು. ಮುಂದಿನ ಗಾಜಿಗೆ ಅಂಟಿಸಿದ್ದ ದೇವರ ಪಟದ ಅಂಚಿಗೆ ಅದು ತಾಗಿಕೊಂಡಂತೆ ಕಾಣುತ್ತಿತ್ತು. ರಸ್ತೆಬದಿಯ ಜಾಲಿಗಿಡಗಳೆಲ್ಲ ಹಿಂದಕ್ಕೆ ಸರಿದವು. ಟ್ರ್ಯಾಕ್ಟರ್ ಮಾತ್ರ ಆ ಅಂಚು ಬಿಟ್ಟು ಕದಲಲಿಲ್ಲ. ಇದ್ದಲ್ಲೇ ಇದ್ದು ದೊಡ್ಡದಾಗುತ್ತ ಹೋಯಿತು.

"ಇದ್ದಲ್ಲೇ ಐತಿ ನೋಡ್ರಿ ಅದು," ಎಂದವನೇ ಡ್ರೈವರ್ ಬ್ರೇಕ್ ಒತ್ತಿದ. ಟ್ರ್ಯಾಕ್ಟರಿನವನು ಕೈಯೆತ್ತಿ, ಧೂಳೆಬ್ಬಿಸಿ ನಮ್ಮ ಮುಂದೆಯೇ ದಾಟಿ ಹೋದ.

ಸಮುದ್ರ ನೋಡದ ಆ ಹುಡುಗ ಹೇಳಿದ್ದು ಹಡಗಿನವರ ನಿಯಮವನ್ನೇ. ಡಿಕ್ಕಿ ತಪ್ಪಿಸಲೆಂದು 1972ರಲ್ಲಿ ದೇಶಗಳು ಒಪ್ಪಿಕೊಂಡ ನಿಯಮಗಳಲ್ಲಿ ಏಳನೆಯದು ಇದು: ಹತ್ತಿರ ಬರುತ್ತಿರುವ ಹಡಗಿನ ದಿಕ್ಕು ಕಂಪಾಸಿನಲ್ಲಿ ಹೆಚ್ಚೇನೂ ಬದಲಾಗದಿದ್ದರೆ ಅಪಾಯವಿದೆಯೆಂದೇ ತಿಳಿಯಬೇಕು. ಸರಿಯುತ್ತಿರುವ ದೀಪ ದಾಟಿ ಹೋಗುತ್ತದೆ. ನಿಂತಂತೆ ಕಾಣುವ ದೀಪ ನಮ್ಮ ಕಡೆಗೇ ಬರುತ್ತಿದೆ. ಅಲುಗಾಡುವುದಕ್ಕೆ ಬೆಚ್ಚುವ ನಮ್ಮ ಕಣ್ಣಿಗೆ ಇದನ್ನು ಕಲಿಸಿಯೇ ಕೊಡಬೇಕು.

1970ರ ದಶಕದಲ್ಲಿ ಜಪಾನಿನ ಫುಜಿಯಿ, ಮತ್ತೆ ಮ್ಯಾಕ್‌ಡಫ್ ಎಂಬ ಸಂಶೋಧಕರು ಡಿಕ್ಕಿಗೂ ಲೆಕ್ಕ ಹಾಕಿದರು. ಮೊದಲು ಹಡಗುಗಳೆಲ್ಲ ಕಣ್ಣು ಮುಚ್ಚಿಕೊಂಡು ಹೊರಟಿವೆ ಎಂದುಕೊಳ್ಳಬೇಕು, ಗಾಳಿಯ ಅಣುಗಳ ಹಾಗೆ. ಹಡಗಿನ ಉದ್ದ, ಅಗಲ, ವೇಗ, ದಾರಿಗಳು ಕೂಡುವ ಕೋನ ಇವುಗಳಿಂದ ಎಷ್ಟು ಸಲ ತಾಗಬಹುದೆಂದು ಎಣಿಸಬೇಕು. ಆಮೇಲೆ ಅದನ್ನು ಇನ್ನೊಂದು ಸಂಖ್ಯೆಯಿಂದ, ಅಂದರೆ ಕಣ್ಣು ತೆರೆದಿದ್ದೂ ಡಿಕ್ಕಿ ತಪ್ಪಿಸಲಾಗದೆ ಹೋಗುವ ಸಾಧ್ಯತೆಯಿಂದ ಗುಣಿಸಬೇಕು. ಆ ಸಂಖ್ಯೆ ಸಾಮಾನ್ಯವಾಗಿ 10,000ಕ್ಕೆ ಒಂದೋ ಎರಡೋ.

ಆ ಪುಟ್ಟ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಕಣ್ಣು ಮುಚ್ಚಿದ್ದರೆ ತಾಗಿಯೇ ತೀರುತ್ತಿದ್ದ ಹತ್ತು ಸಾವಿರ ಜೋಡಿಗಳಲ್ಲಿ ಒಂದೆರಡನ್ನು ಬಿಟ್ಟು ಉಳಿದವೆಲ್ಲ ಪಾರಾಗಿವೆ. ನಡುರಾತ್ರಿಯ ಪಾಳಿಯಲ್ಲಿ ಯಾರೋ ಒಬ್ಬರು ನಿದ್ದೆ ತಡೆದು, ದೂರದ ದೀಪ ಕದಲುತ್ತಿಲ್ಲವೆಂದು ಕಂಡು, ಚುಕ್ಕಾಣಿ ಬಲಕ್ಕೆ ಹೊರಳಿಸಿದ್ದಾರೆ. ತಪ್ಪಿದ ಡಿಕ್ಕಿಯ ಗುರುತು ನೀರಿನ ಮೇಲೆ ಉಳಿಯುವುದಿಲ್ಲ, ಪತ್ರಿಕೆಯಲ್ಲೂ ಬರುವುದಿಲ್ಲ. ಎದುರು ಹಡಗಿನಲ್ಲಿ ಮಲಗಿದ್ದವರಿಗೆ ತಾವು ಉಳಿದದ್ದೂ ತಿಳಿಯುವುದಿಲ್ಲ.

ಆ ಒಂದೋ ಎರಡೋ ಎಂಬುದರೊಳಗೂ ಜನರಿದ್ದಾರೆ. 2021ರ ಏಪ್ರಿಲ್ 13ರ ನಸುಕಿನಲ್ಲಿ, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ಆಚೆ, ಕೇರಳದ ಬೇಪೂರಿನ ಮೀನುದೋಣಿಗೂ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದವರು 14 ಜನ. ಜೀವಂತ ಸಿಕ್ಕವರು ಇಬ್ಬರು. ಹನ್ನೆರಡು ಮನೆಗಳಲ್ಲಿ ಆ ಲೆಕ್ಕವನ್ನು ಯಾವ ಬಾಯಿಂದ ಹೇಳುವುದು?

ನಮ್ಮದು ಕೆರೆಗಳ ಸೀಮೆ. ಹಾನಗಲ್ಲಿನ ಆನಿಕೆರೆ, ಹಿರೇಕೆರೂರು ಕಡೆಯ ಮದಗ-ಮಾಸೂರು ಕೆರೆ, ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ಇವೇ. ಆದರೆ ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಮರಗಳಿವೆ, ಆಫ್ರಿಕಾ ಮೂಲದವು. ಆ ಸಂಜೆ ಅವುಗಳ ಬುಡದಲ್ಲಿ ನಿಂತು, ಆನೆಯ ಚರ್ಮದಂಥ ಬೂದುಬಣ್ಣದ ತೊಗಟೆಗೆ ಕೈಯಿಟ್ಟೆ. ಬಿಸಿಲು ಹೋಗಿದ್ದರೂ ಬೆಚ್ಚಗಿತ್ತು. ಇವುಗಳ ಬೀಜ ಯಾವುದೋ ಹಡಗಿನ ಚೀಲದ ಮೂಲೆಯಲ್ಲಿ ಅರಬ್ಬೀ ಸಮುದ್ರ ದಾಟಿತ್ತೆಂದು ಅಂದುಕೊಂಡೆ. ಅಷ್ಟೂ ರಾತ್ರಿ ಯಾರೋ ಹಡಗಿನ ಮುಂಭಾಗದಲ್ಲಿ ಕೂತು ಕತ್ತಲನ್ನೇ ನೋಡುತ್ತಿದ್ದಿರಬೇಕು.