ಉಳಿತಾಯದ ಲೆಕ್ಕದಲ್ಲಿ ಇಲ್ಲದವರು

ಒಂದು ಕಟ್ಟಡದಲ್ಲಿ ವಿದ್ಯುತ್ ಪೋಲಾಗುತ್ತಿದೆ ಎನ್ನುವುದು ಅಳತೆಯೋ, ತೀರ್ಮಾನವೋ? ಚೆನ್ನೈನ ಕಚೇರಿ ಕಟ್ಟಡಗಳ ಡೇಟಾ ನೋಡುವುದೇ ಕೆಲಸವಾಗಿರುವ ನನಗೆ ಇದು ಬರೀ ತಾಂತ್ರಿಕ ಪ್ರಶ್ನೆ ಎನಿಸುವುದಿಲ್ಲ.

ನಮ್ಮ ಮುಖ್ಯ ಅಳತೆಗೋಲು, ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಯೂನಿಟ್ ಎಂಬುದು. ಇಂಧನ ದಕ್ಷತಾ ಬ್ಯೂರೋ ಕಚೇರಿಗಳಿಗೆ ಕೊಡುವ ಸ್ಟಾರ್‌ಗಳಿಗೂ ಇದೇ ಆಧಾರ. ಇದರಲ್ಲಿ ನೆಲವಿದೆ, ಮನುಷ್ಯರಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ಬರುವ ಮೀಟರ್ ರೀಡಿಂಗ್‌ಗಳನ್ನು ಗ್ರಾಫ್ ಮಾಡಿದರೆ ಕಟ್ಟಡದ ದಿನಚರಿಯೇ ಕಾಣುತ್ತದೆ. ಭಾನುವಾರ ರಾತ್ರಿಯೂ ಗೆರೆ ಇಳಿಯದಿದ್ದರೆ ಬೀಗ ಹಾಕಿದ ಟ್ರೇನಿಂಗ್ ಹಾಲ್‌ಗೆ ತಂಪು ಗಾಳಿ ಹೋಗುತ್ತಿರಬಹುದು, ತಣ್ಣೀರಿನ ವಾಲ್ವ್ ಒಂದು ಮುಚ್ಚದೆ ಸಿಕ್ಕಿಕೊಂಡಿರಬಹುದು. ಸರಿಪಡಿಸಿದರೆ ಯಾರಿಗೂ ನಷ್ಟವಿಲ್ಲ. ಬ್ಲೋವರ್ ಎಳೆಯುವ ವಿದ್ಯುತ್ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ, ವೇಗವನ್ನು ಶೇ. 20ರಷ್ಟು ತಗ್ಗಿಸಿದರೆ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಅರ್ಧ ವಿದ್ಯುತ್ ಉಳಿಯುತ್ತದೆ. ಇಂಥದ್ದು ಸಿಕ್ಕಾಗ ಈ ವಯಸ್ಸಿನಲ್ಲೂ ನನಗೆ ಹುಡುಗನ ಖುಷಿ.

ಇನ್ನೊಂದು ಬಗೆಯ ಉಳಿತಾಯವಿದೆ. ನಾನು ಕಾಲಿಡುವ ಮೊದಲೇ ಒಂದು ಕಟ್ಟಡದಲ್ಲಿ ಅದು ಜಾರಿಯಲ್ಲಿತ್ತು. ಆಕ್ಸೆಸ್ ಕಾರ್ಡ್‌ಗಳ ಲೆಕ್ಕ ರಾತ್ರಿ ಎಂಟರ ನಂತರ ಮಹಡಿಗಳು ಖಾಲಿ ಎಂದಿತ್ತು, ಎಸಿ ಎಂಟಕ್ಕೇ ನಿಲ್ಲುತ್ತಿತ್ತು. ಗುಡಿಸಿ ಒರೆಸುವ ಹೆಂಗಸರು ಬರುವುದು ಎಂಟೂವರೆಗೆ. ಅವರ ಹಾಜರಿ ಇರುವುದು ಗೇಟಿನ ರಿಜಿಸ್ಟರಿನಲ್ಲಿ, ಪೆನ್ನಿನಲ್ಲಿ. ಗಾಜಿನ ಕಟ್ಟಡ, ತೆರೆಯುವ ಕಿಟಕಿ ಒಂದೂ ಇಲ್ಲ, ಚೆನ್ನೈನ ಮೇ ತಿಂಗಳು. ದೂರು ಯಾಕೆ ಬರಲಿಲ್ಲ ಎಂದರೆ, ದೂರು ಕೊಡಲು ಕಂಪನಿಯ ಲಾಗಿನ್ ಬೇಕು. 23 ಡಿಗ್ರಿ ಚಳಿ, 24 ಸೆಕೆ ಎಂದು ದಿನವಿಡೀ ಟಿಕೆಟ್ ಹಾಕುವವರು ನನ್ನಂಥವರು.

ವರದಿಯಲ್ಲಿ ಸಿಕ್ಕಿಕೊಂಡ ವಾಲ್ವ್‌ನ ಉಳಿತಾಯ, ಈ ಹೆಂಗಸರ ಬೆವರಿನ ಉಳಿತಾಯ ಎರಡೂ ಒಂದೇ ಕಾಲಮ್ಮಿನಲ್ಲಿ, ಒಂದೇ ಯೂನಿಟ್‌ನಲ್ಲಿ ಕೂಡಿಕೊಂಡಿರುತ್ತವೆ. ಮೊದಲನೆಯದು ನಿಜವಾಗಿ ಉಳಿದದ್ದು. ಎರಡನೆಯದರಲ್ಲಿ ಖರ್ಚು ನಮ್ಮ ಬಿಲ್ಲಿನಿಂದ ಅವರ ಮೈಮೇಲೆ ವರ್ಗವಾಗಿದೆ.

"ಅವರ ಮನೆಯಲ್ಲೇನು ಎಸಿ ಇದೆಯಾ? ಅವರಿಗೆ ಅಭ್ಯಾಸವಿದೆ" ಎಂದರು ಸಹೋದ್ಯೋಗಿಯೊಬ್ಬರು. ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಹೊರಗಿನ ಹವೆಗೆ ತಕ್ಕಂತೆ ನಮಗೆ ಹಿತವೆನಿಸುವ ಉಷ್ಣಾಂಶವೂ ಬದಲಾಗುತ್ತದೆ ಎಂದು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಕಚೇರಿಗಳಲ್ಲೇ ಅಧ್ಯಯನ ಮಾಡಿ ತೋರಿಸಿದ್ದಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಆ ಮಾದರಿಗೆ ಜಾಗವಿದೆ. ಆದರೆ ಅಭ್ಯಾಸವಾಗಲು ಕಿಟಕಿ ಬೇಕು, ಫ್ಯಾನ್ ಬೇಕು, ಕೊನೆಗೆ ಯೂನಿಫಾರ್ಮ್ ಕೋಟು ಬಿಚ್ಚುವ ಸ್ವಾತಂತ್ರ್ಯವಾದರೂ ಬೇಕು. ಮತ್ತು ಹೊಂದಿಕೊಳ್ಳುವ ಶಕ್ತಿ ಬಡವರಿಗಷ್ಟೇ ಇರುವಂಥದ್ದೇ? ಅದೇ ಅಧ್ಯಯನಗಳನ್ನು ನಂಬುವುದಾದರೆ ಶುರುಮಾಡಬೇಕಾದದ್ದು ಹಗಲಿನ ಪಾಳಿಯಿಂದ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ ಎಂದು ಬ್ಯೂರೋದವರೇ ಹೇಳುತ್ತಾರೆ.

ಮೀಟಿಂಗ್‌ನಲ್ಲಿ ಎರಡು ಸಲಹೆ ಇಟ್ಟೆ: ರಾತ್ರಿ ಕೆಲಸ ನಡೆಯುವ ಮಹಡಿಗೆ ಮಾತ್ರ ಸರದಿಯಂತೆ ಗಾಳಿ ಬಿಡೋಣ, ಆ ಖರ್ಚು ತುಂಬಲು ಹಗಲು 24 ಇದ್ದದ್ದನ್ನು 25 ಮಾಡೋಣ. ಮೊದಲನೆಯದು ಹತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು. ಹಗಲಿನ ಒಂದು ಡಿಗ್ರಿ ಮೂರು ವಾರದಿಂದ ಚರ್ಚೆಯಲ್ಲಿದೆ.